ನಿಮಿಷಕ್ಕೆ ಎಷ್ಟು

ನಿದ್ದೆಯಲ್ಲಿ ನಿಮಿಷಕ್ಕೆ ಮೂವತ್ತು ದಾಟಬಾರದು
ಅಂದರು ಪೊನ್ನವ್ವ ಡಾಕ್ಟರು,
ತೋಟೆಯ ಎದೆಗೆ ಸ್ಟೆತಾಸ್ಕೋಪು ಇಟ್ಟು, ಕಣ್ಣು ಮುಚ್ಚಿ,
ದೂರದ ಹೊಳೆಗೆ ಕಿವಿ ಕೊಟ್ಟವರ ಹಾಗೆ.
ಎದ್ದಾಗ ಎಣಿಸಬೇಡಿ. ಮಲಗಿದಾಗ. ದಿನಾ.

ನಾನು ಅಮ್ಮತ್ತಿಯಲ್ಲಿ ರಾತ್ರಿಪಾಳಿಯ ನರ್ಸು.
ಊರವರ ಉಸಿರು ಎಣಿಸುವುದೇ ಕಸುಬು.
ನನ್ನ ನಾಯಿ ಮಲಗುವ ಹೊತ್ತಿಗೆ
ಇನ್ಯಾರದೋ ಮಂಚದ ಪಕ್ಕ
ಗಡಿಯಾರ ನೋಡುತ್ತಾ ನಿಂತಿರುತ್ತೇನೆ.

ಹಾಗಾಗಿ ವಿರಾಜಪೇಟೆ, ಶಂಸೀರನ ಅಂಗಡಿ.
ಗಾಜಿನ ಮೇಲೆ ಮೂರು ಪೆಟ್ಟಿಗೆ ಬಿಚ್ಚಿದ,
ಮದುವೆಗೆ ಚಿನ್ನ ತೋರಿಸುವವನಂತೆ.

ಇದು ನಾಯಿ ಎಲ್ಲಿದೆ ಅಂತ ಹೇಳುತ್ತದೆ ಸಿಸ್ಟರೇ,
ಆನೆಕಂದಕ ದಾಟಿ ಕಾಡು ಹೊಕ್ಕರೂ ನೀಲಿ ಚುಕ್ಕೆ.
ಎಲ್ಲಿದೆ ಅಂತ ಗೊತ್ತು ಮಾರಾಯ.
ಒಲೆಯ ಹಿಂದೆ, ಗೋಣಿಯ ಮೇಲೆ.
ಹಂದಿಯ ಜಾಡು ಹಿಡಿದು ಎರಡು ದಿನ ಬಾರದೆ
ಕಿವಿ ಹರಿದುಕೊಂಡು ಬಂದನಲ್ಲ,
ಆಗೆಲ್ಲಿತ್ತು ನಿನ್ನ ಚುಕ್ಕೆ?

ಇನ್ನೊಂದು ಹೆಜ್ಜೆ ಎಣಿಸುತ್ತದೆ.
ದಿನದ ಗುರಿ ಮುಟ್ಟಿದರೆ ಫೋನಿನ ತುಂಬ ಹೂಮಳೆ.
ಗೋಣಿಯಿಂದ ಕಿತ್ತಳೆ ಗಿಡದ ಬುಡಕ್ಕೆ
ಇಪ್ಪತ್ತೇಳು ಹೆಜ್ಜೆ, ನಡುವೆ ಒಂದು ನಿಲುಗಡೆ.
ಗುರಿ ಇಳಿಸಬಹುದು ಅಂದ.
ಎಲ್ಲಿಯವರೆಗೆ ಅಂತ ಕೇಳಲು ಬಾಯಿ ಬರಲಿಲ್ಲ.

ಮೂರನೆಯದು
ಉಸಿರು, ಎದೆಬಡಿತ, ನಿದ್ದೆ. ಕೆರೆದುಕೊಂಡರೆ ಅದೂ.
ತೂಕ ಕೋಳಿಮೊಟ್ಟೆಗಿಂತ ಕಡಿಮೆ,
ಬೆಲೆಯ ಭಾರ ಬೇರೆ, ಮೇಲೆ ತಿಂಗಳ ಚಂದಾ.
ಚಾರ್ಜು ಹತ್ತು ದಿನ ಬರುತ್ತದಂತೆ.
ಕಕ್ಕಡದಲ್ಲಿ ತಂತಿಯ ಮೇಲೆ ಮರ ಬಿದ್ದರೆ
ನಮಗೆ ಹದಿಮೂರು ದಿನ ಕತ್ತಲೆ.
ನೀರು ತಾಗಿದರೆ?
ಅರ್ಧ ಗಂಟೆ ತಡೆಯುತ್ತದೆ ಅಂದ.
ನಮ್ಮ ಮಳೆಗೆ ಅರ್ಧ ಗಂಟೆ!
ಇಬ್ಬರೂ ನಕ್ಕೆವು. ಆಮೇಲೆ, ಅದನ್ನೇ ಕೊಡು ಅಂದೆ.

ಹೆಸರು ತುಂಬಿಸಿ, ಎಂದಿತು ಫೋನು.
ತೋಟೆ. ಕೋವಿಗೆ ತುಂಬುವ ತೋಟೆ.
ಕೈಲ್ ಮುಹೂರ್ತಕ್ಕೆ ಯಾರೋ ತೆಂಗಿನಕಾಯಿಗೆ ಗುಂಡು ಹೊಡೆದರೆ
ನನ್ನ ಮಂಚದಡಿ ಸೇರುವವನಿಗೆ ಆ ಹೆಸರು.
ತಳಿ? ಪಟ್ಟಿಯಲ್ಲಿ ಇನ್ನೂರು ಇದ್ದವು, ಅವನದಿಲ್ಲ.
ವಯಸ್ಸು?
ಗುಡ್ಡ ಜಾರಿದ ವರ್ಷ ಪಲ್ಪರ್ ಶೆಡ್ಡಿನ ಕೆಳಗೆ ಸಿಕ್ಕಿದ,
ಹಲ್ಲೆಲ್ಲ ಬಂದಿತ್ತು ಆಗಲೇ.
ಅಷ್ಟು ಬರೆಯಲು ಜಾಗವಿಲ್ಲ. ಹತ್ತು ಅಂತ ಒತ್ತಿದೆ.

ಮನೆಯಲ್ಲಿ ಸಿಗ್ನಲ್ಲು ಸಿಗುವುದು
ಅಡುಗೆಮನೆ ಕಿಟಕಿಯ ಎಡಮೂಲೆಯಲ್ಲಿ.
ಗೋಣಿಯನ್ನು ಅಲ್ಲಿಗೆ ಎಳೆದೆ.
ಒಲೆ ಬಿಡಿಸಿದ್ದಕ್ಕೆ ಎರಡು ದಿನ ಮುನಿಸಿಕೊಂಡ.

ಮೂರನೇ ರಾತ್ರಿ, ಎರಡೂಕಾಲು. ಜೇಬಿನಲ್ಲಿ ಟಿಂಗ್.
ಏಳನೇ ಮಂಚದ ಉತ್ತಯ್ಯ, ಮೂವತ್ತು ವರ್ಷ ಜೀಪು ಓಡಿಸಿದವರು,
ಮೂಗಿನ ನಳಿಕೆಯ ಮೇಲಿಂದ ನೋಡಿದರು.
ಯಾರದು?
ನನ್ನ ನಾಯಿದು.
ನಾಯಿ ಫೋನು ಮಾಡುತ್ತದಾ?
ಎಷ್ಟು ಉಸಿರು ಅಂತ ತಿಳಿಸುತ್ತದೆ.
ಎಷ್ಟು?
ಇಪ್ಪತ್ತಾರು.
ಸ್ವಲ್ಪ ಹೊತ್ತು ಬಿಟ್ಟು, ನನ್ನದು?
ಸುಳ್ಳು ಹೇಳಿ ರೂಢಿಯಿದೆ ಈ ಕೆಲಸದಲ್ಲಿ.
ಆ ರಾತ್ರಿ ಯಾಕೋ ಎಣಿಸಿದ್ದನ್ನೇ ಹೇಳಿದೆ.
ಇಪ್ಪತ್ತೆಂಟು.
ಛೆ, ಎರಡರಲ್ಲಿ ಸೋತೆ ಅಂದರು.
ಅಥವಾ ಗೆದ್ದೆನೋ.

ಆಮೇಲೆ ದಿನಾ ಕೇಳುತ್ತಾರೆ, ಮಾತ್ರೆ ನುಂಗುವ ಮೊದಲು.

ಬೆಳಿಗ್ಗೆ ಮೊದಲ ಬಸ್ಸಿಗೆ ಇಳಿದು ಬಂದು
ಚಪ್ಪಲಿಯೂ ಬಿಡದೆ ಕಿಟಕಿಯಡಿ ಕೂರುತ್ತೇನೆ.
ಯಂತ್ರ ಇಪ್ಪತ್ತೇಳು ಅನ್ನುತ್ತದೆ.
ಇರಲಿ ಅಂತ ಕೈ ಇಡುತ್ತೇನೆ ಪಕ್ಕೆಲುಬಿನ ಮೇಲೆ.
ಬಾಲ ಗೋಣಿಗೆ ಬಡಿಯುತ್ತದೆ, ಧಪ್, ಧಪ್.
ಮೂವತ್ತೊಂದು. ಮೂವತ್ತನಾಲ್ಕು.

ಎದ್ದಿದ್ದಾನಲ್ಲ, ಅದಕ್ಕೆ.
ಎದ್ದಾಗ ಎಣಿಸಬಾರದು.