ಹೊಟ್ಟೆಗೆ ಹಾಕಿಕೊಳ್ಳುವುದು

ಶೀತಲಕೋಣೆಯ ಬಾಗಿಲಿಗೆ ಚಿಲಕ ಹಾಕದೆ ಹೋದವಳು ನಾನು.
ಬೈಗುಳ ತಿಂದವನು ವೈದೋತಾಸ್.

ಬೆಳಗಾಗುವಷ್ಟರಲ್ಲಿ ನಲವತ್ತು ಪೆಟ್ಟಿಗೆ ಕಾಡ್ ಮೀನು
ಬೆವತು, ಮೆತ್ತಗಾಗಿ, ಕಣ್ಣಿಗೆ ಹಾಲುಬಣ್ಣ ಬಂದು.
'ರಾತ್ರಿಯೆಲ್ಲ ಸೈರನ್ ಹೊಡೆದುಕೊಂಡಿದೆ,
ಪಕ್ಕದಲ್ಲೇ ನೆಲ ತೊಳೆಯುತ್ತಿದ್ದವನಿಗೆ ಕೇಳಿಸಲಿಲ್ಲವೆ?'
ಅಂದಳು ಮೇಲ್ವಿಚಾರಕಿ ಸ್ಟೇನುನ್.
ಅಂದಮೇಲೆ ನಾಲಿಗೆ ಕಚ್ಚಿಕೊಂಡಳು.
ಆದರೂ ಒಂದು ವಾರದ ರಾತ್ರಿಪಾಳಿಯ ಭತ್ಯೆ
ಅವನ ಹೆಸರಿನಿಂದಲೇ ಮುರಿದಳು.

ಅವನಿಗೆ ಹುಟ್ಟಿನಿಂದಲೇ ಕೇಳಿಸದು.
ನಮಗೆಲ್ಲ ಗೊತ್ತಿತ್ತು. ಗೊತ್ತಿದ್ದೂ ಗೋಡೆಗೆ
ಒಂದು ದೀಪ ಹಾಕಿಸಿರಲಿಲ್ಲ,
ಬರೀ ಸದ್ದು ಹಾಕಿಸಿದ್ದೆವು.

ಐಸ್‌ಲ್ಯಾಂಡಿನ ಈ ಕೊಲ್ಲಿಯೂರಿನಲ್ಲಿ
ಬೆಟ್ಟ ಅಡ್ಡ ನಿಂತು ಎರಡು ತಿಂಗಳು ಬಿಸಿಲಿಲ್ಲ.
ಮೀನಿನ ಸಾಲಿಗೆ ಇಪ್ಪತ್ತೊಂದು ಜನ, ಏಳು ಭಾಷೆ.
ಗರಗಸದ ಗದ್ದಲಕ್ಕೆ ಎಲ್ಲರ ಕಿವಿಗೂ ಮುಚ್ಚಳ;
ದಿನಕ್ಕೆ ಎಂಟು ಗಂಟೆ ನಾವೂ ಕಿವುಡರೇ.
ಸಂಜೆ ಮಾತ್ರ ನಮ್ಮ ಕಿವುಡನ್ನು
ಮೊಳೆಗೆ ನೇತುಹಾಕಿ ಮನೆಗೆ ಹೋಗುತ್ತೇವೆ.

ಮಾತು ಬೆಳ್ಳಿ, ಮೌನ ಬಂಗಾರ ಅನ್ನುತ್ತಾರಲ್ಲ,
ಹನ್ನೊಂದು ದಿನ ನನ್ನ ಬಳಿ ಬಂಗಾರವೇ ಇತ್ತು.
ಕದ್ದ ಬಂಗಾರ.
ಊಟದ ಮೇಜಿನಲ್ಲಿ ಉಪ್ಪು ಕೇಳಲು ಅವನು ಕೈ ಚಾಚಿದರೆ
ನನಗೆ ಮೈಯೆಲ್ಲ ಬೆವರು.

ರೊದೇಲಿಯೋಗೆ ಅವನ ಕೈಭಾಷೆ ಬರುತ್ತಿತ್ತು.
ಸೆಬುವಿನಿಂದ ಬಂದ ಈ ಹುಡುಗ
ಎರಡು ವರ್ಷ, ಬಸ್ಸಿನ ಹಿಂದಿನ ಸೀಟಿನಲ್ಲಿ ಕೂತು,
ಯಾರೂ ಹೇಳದೆ, ಯಾರಿಗೂ ಹೇಳದೆ ಕಲಿತಿದ್ದ;
ಇಬ್ಬರೂ ಬೆರಳಲ್ಲೇ ಚಾಡಿ ಹೇಳಿ ನಗುತ್ತಿದ್ದರು.
'ಕ್ಷಮಿಸು ಅನ್ನುವುದು ಹೇಗೆ?' ಎಂದೆ.
ಯಾಕೆ ಅಂತ ಕೇಳಲಿಲ್ಲ. ತೋರಿಸಿದ.

ಮೊದಲು ಸ್ಟೇನುನ್‌ಗೆ ಹೇಳಿದೆ.
ಅವಳು ಬಹಳ ಹೊತ್ತು ನೋಡಿ,
ಒಂದು ಹೆಸರು ಹೊಡೆದು ಒಂದು ಹೆಸರು ಬರೆದಳು.
'ನಾನೂ ಅವನ ಹತ್ತಿರ ಹೋಗಬೇಕು' ಎಂದಳು, ಪೆನ್ನಿಗೆ ಹೇಳುವಂತೆ.

ಆಮೇಲೆ ಅವನ ಮುಂದೆ ನಿಂತೆ.
ಕೈಗವಸು ಕಳಚಿ, ತಣ್ಣಗೆ ಮರಗಟ್ಟಿದ ಬೆರಳಲ್ಲಿ
ಕಲಿತದ್ದನ್ನು ಒಪ್ಪಿಸಿದೆ.
ಅವನ ಹುಬ್ಬು ಮೇಲೇರಿತು.
ನಾನು ಹೇಳಿದ್ದು 'ಸಾಬೂನು' ಅಂತಾಯಿತಂತೆ.
ನಗಲಿಲ್ಲ ಅವನು. ನನ್ನ ಮಣಿಕಟ್ಟು ಹಿಡಿದು
ಸರಿಯಾಗಿ ತಿರುಗಿಸಿ, ಬಿಟ್ಟ.
ಆಮೇಲೆ ಎರಡು ಕೈ ಎತ್ತಿ ಹತ್ತು ಬೆರಳು,
ಇಳಿಸಿ, ಮತ್ತೊಂದು.
ರೊದೇಲಿಯೋ ಅನುವಾದಿಸಲಿಲ್ಲ. ಬೇಕಿರಲಿಲ್ಲ.

ತಪ್ಪನ್ನು ಹೊಟ್ಟೆಗೆ ಹಾಕಿಕೊಳ್ಳಿ ಅನ್ನುವುದು ಸುಲಭ.
ಹೊಟ್ಟೆ ಬಗೆಯುವುದೇ ಕಸುಬಾದವರು ನಾವು,
ಬಲ್ಲೆವು ಅದರೊಳಗೆ ಏನೇನಿರುತ್ತದೆ:
ಅರ್ಧ ಕರಗಿದ ಏಡಿ, ಬಲೆಯ ನೂಲು,
ಒಮ್ಮೆ ಯಾರದೋ ಕೋಟಿನ ಗುಂಡಿ,
ಹಾಗೇ ಇತ್ತು, ಹೊಳೆಯುತ್ತ.

ಈಗ ಗೋಡೆಯ ಮೇಲೆ ಕೆಂಪು ದೀಪ ಬಂದಿದೆ.
ಅದು ತಿರುಗಿದರೆ ಮುಚ್ಚಿದ ಕಿವಿಯ ಇಪ್ಪತ್ತೊಂದು ತಲೆ
ಒಟ್ಟಿಗೇ ತಿರುಗುತ್ತವೆ.
ಯಾರಿಗಾಗಿ ಹಾಕಿಸಿದ್ದೋ, ಯಾರಿಗೆಲ್ಲ ಕಂಡಿತೋ.

ಜನವರಿಯ ಕೊನೆಗೆ ಬಿಸಿಲು ಮರಳುವ ದಿನ
ಊರೆಲ್ಲ ಕಾಫಿ, ತೆಳು ದೋಸೆಯಂಥ ಪ್ಯಾನ್‌ಕೇಕು.
ಮೋಡ ಕವಿದಿತ್ತು, ಬಿಸಿಲು ಬರಲಿಲ್ಲ;
ಆದರೂ ತಿಂದೆವು.
ಅವತ್ತು ವೈದೋತಾಸ್ ನನಗೊಂದು ಹೆಸರಿಟ್ಟ.
ಅವನ ಭಾಷೆಯಲ್ಲಿ ಸ್ಟೇನುನ್ ಅಂದರೆ ಕನ್ನಡಕ,
ರೊದೇಲಿಯೋ ಅಂದರೆ ಕೆನ್ನೆಯ ಕುಳಿ.
ಲುದ್ವಿಕಾ ಅಂದರೆ ಮುಷ್ಟಿ ಬಿಗಿದು
ಚಿಲಕ ಎಳೆಯುವುದು.
ಮೇಜೆಲ್ಲ ನಕ್ಕಿತು. ನಾನೂ,
ಒಂದು ಗುಟುಕು ತಡವಾಗಿ.

ರಾತ್ರಿ ಬಾಗಿಲು ಹಾಕಿ, ಎರಡು ಸಲ ಎಳೆದು ನೋಡುತ್ತೇನೆ.
ನಾನು ಹೋದಮೇಲೆ ಅವನೂ ಬಂದು
ಒಮ್ಮೆ ಎಳೆದು ನೋಡುತ್ತಾನೆ.

ನೋಡಲಿ.