ಹಸಿ ಗಾರೆ

ಗೈಡು ಬಿರುಕು ಅನ್ನುತ್ತಾನೆ.
ಅಲ್ಲ ಮಾರಾಯ, ಅದು ಒಂದು ದಿನದ ಅಂಚು.
ನೇತ್ರಾವತಿಯ ಅಳಿವೆಯಲ್ಲಿ ಬಾಚಿದ ಚಿಪ್ಪು
ಸುಟ್ಟು, ಅರೆದು, ಬಟ್ಟೆಯಲ್ಲಿ ಸೋಸಿ
ಕೈತಾನಜ್ಜ ಬೆಳಿಗ್ಗೆ ಎಷ್ಟು ಗಾರೆ ಬಳಿದನೋ
ಅಂದಿಗೆ ಅಷ್ಟೇ ಆಕಾಶ.

ಹಸಿ ಆರಿದರೆ ಬಣ್ಣ ಒಳಗಿಳಿಯದು;
ಇಟಲಿಯ ಚಿತ್ರಗಾರ ಅಟ್ಟಣಿಗೆಯ ಮೇಲೆ ಬೆವರುತ್ತ
ಇನ್ನೊಂದು ಗೇಣು ಎಂದು ಕೈಯಲ್ಲೇ ತೋರಿಸಿದರೆ
ಅಜ್ಜ ಕೆಳಗಿನಿಂದ: ಆಪುಜಿ.

ಅವರೂರಿನಲ್ಲಿ, ನಾನ್ನೂರು ವರ್ಷದ ಹಿಂದೆ,
ಪೋಪನಿಗೂ ತಲೆಬಾಗದ ಮಹಾಗುರುವೊಬ್ಬ
ಸುಣ್ಣದವನ ಮುಖ ನೋಡಿಯೇ ದಿನ ಶುರುಮಾಡುತ್ತಿದ್ದನಂತೆ.
ಅಜ್ಜನಿಗೆ ಇದನ್ನು ಯಾರೂ ಹೇಳಲಿಲ್ಲ;
ಹೇಳಿದ್ದರೆ ಎರಡಾಣೆ ಹೆಚ್ಚು ಕೇಳುತ್ತಿದ್ದ.

ದೇವದೂತನ ಎಡ ಹಿಮ್ಮಡಿಯ ಕೆಳಗಿನ ಆ ಗೆರೆ
ಅಜ್ಜನಿಗೆ ಚಳಿಜ್ವರ ಬಂದ ಬುಧವಾರ.
ಮೂರು ದಿನ
ಸ್ವರ್ಗ ಅಲ್ಲಿಗೇ ನಿಂತಿತ್ತು.