ದಾರ ಕಡಿಯೋ ಹಲ್ಲು

ನಸುಕಿನಾಗ ಕೊಡದ ನೀರು ಬಾಯಿಗೆ ಹಾಕ್ಕೊಂಡೆ,
ಮುಂದಿನ ಹಲ್ಲೊಂದು ಚುಳ್ ಅಂತು.
ಸೂಜಿ ಬೆರಳಿಗೆ ಚುಚ್ಚಿದರ ಏನ ಮಾಡಬೇಕಂತ ಗೊತ್ತೈತಿ,
ಬೆರಳು ಬಾಯಾಗ ಇಟ್ಟುಕೋತೀನಿ.
ಬಾಯಿಗೇ ಚುಚ್ಚಿದರ
ಎಲ್ಲಿ ಇಡೋದು?

ಬೆಟಗೇರಿಯಾಗ ಔಷಧ ಹೇಳೋರಿಗೆ ಬರ ಇಲ್ಲ.
ಎದುರುಮನಿ ಮಾಬೂಬಿ ಎರಡು ಲವಂಗ ಕೊಟ್ಟಳು,
ಕಚ್ಚಿ ಹಿಡಿ, ಉಗುಳಬ್ಯಾಡ ಅಂದಳು.
ಹಿಡಿದೆ. ತುಟಿ ಮರಗಟ್ಟಿತು, ನಾಲಿಗಿ ಮರಗಟ್ಟಿತು,
ತೋಳು ಎಷ್ಟಿಡಲಿ ಅಂತ ಕೇಳಿದರ
ಗಿರಾಕಿ ಮೂರು ಸಲ ಏನು, ಏನು ಅಂದಳು.
ಹಲ್ಲು ಮಾತ್ರ ಎಚ್ಚರಿತ್ತು,
ಓಣಿ ಎಲ್ಲಾ ಮಲಗಿದ ಮ್ಯಾಲೂ
ಲಟಪಟ ಅನ್ನೋ ಒಂದ ಮಗ್ಗದಂಗ.

ನಮ್ಮತ್ತಿ ಗುರಸಿದ್ದವ್ವ ಮಿಶ್ರಿ ಡಬ್ಬಿ ಮುಂದ ಸರಿಸಿದಳು,
ಐವತ್ತು ವರ್ಷ ತಿಕ್ಕೀನಿ, ಒಂದರ ಜುಮ್ ಅಂದೈತೇನು?
ಖರೇನ.
ಜುಮ್ ಅನ್ನಾಕ ಆಕಿ ಬಾಯಾಗ ಮೂರ ಉಳದಾವ.

ಉಪ್ಪುನೀರು ಮುಕ್ಕಳಿಸಿದೆ ಒಂದು ವಾರ.
ಕೆಟ್ಟದ್ದೂ ಮಾಡಲಿಲ್ಲ, ಛಲೋದೂ ಮಾಡಲಿಲ್ಲ,
ನಮ್ಮ ಮೈದುನನಂಗ.

ಔಷಧದ ಅಂಗಡಿ ಹುಡುಗ ಗಾಜಿನ ಮ್ಯಾಲೆ ಎರಡು ಪೇಸ್ಟ್ ಇಟ್ಟ.
ಇದು ನರ ಮಲಗಸ್ತೈತ್ರಿ,
ಇದು ಹಲ್ಲಿನ ಸಣ್ಣ ತೂತು ಮುಚ್ಚತೈತ್ರಿ.
ತಿಳೀತು. ಒಂದು ಕಚ್ಚಾ ಹೊಲಿಗಿ, ಒಂದು ರಫೂ.
ಎರಡೂ ತಗೊಂಡೆ,
ಅಸ್ತರದ ಎರಡು ಕುಪ್ಪಸದ ಕೂಲಿ ಹೋತು.

ಅಳತಿ ಪುಸ್ತಕದ ಕಡೀ ಹಾಳಿಯಾಗ ಬರೆದೆ,
ಎದಿ, ಸೊಂಟ, ಕೊಳ್ಳು ಬರಿಯೋ ಪೆನ್ಸಿಲಿನಿಂದನ:
ಮೊದಲನೇದು, ಎಂಟು ದಿನ. ನೀರು ಚುಳ್. ಹುಣಸಿ ಸಾರು ಚುಳ್.
ಹದಿನೈದು. ನೀರು ಒಂದೀಟು. ಗಾಳಿ ಇಲ್ಲ.
ತಿಂಗಳು. ಕುಲ್ಫಿ ತಿಂದೆ. ಅರ್ಧ.
ಬಿಟ್ಟು ಹತ್ತು ದಿನ, ನರ ಎದ್ದು ಕುಂತೈತಿ.
ಎರಡನೇದು ನಿಧಾನ. ರುಚಿ ಸುಣ್ಣ ನೆಕ್ಕಿದಂಗ.
ಬಿಟ್ಟರೂ ಸ್ವಲ್ಪ ದಿನ ತಡಿತೈತಿ.
ಮುಂದ ಮೊನೆ ಮುರಿದೈತಿ, ಬರದದ್ದು ನನಗ ಓದಾಕ ಬರವಲ್ದು.

ಕಡೀಕ ಗದಗಿಗೆ ಹೋದೆ, ಸ್ಟೇಶನ್ ರೋಡಿನ ಮಾಳಗಿ ಮ್ಯಾಲಿನ ದವಾಖಾನಿ.
ಉಪಾಧ್ಯೆ ಡಾಕ್ಟರ್ ದೀಪ ತಿರುವಿ ಒಂದ ಕೇಳಿದರು,
ದಾರ ಹಲ್ಲಿಲೆ ಕಡಿತೀರೇನ್ರಿ?
ನಾ ಏನ ಕೆಲಸ ಮಾಡ್ತೀನಂತ ಇನ್ನೂ ಹೇಳೇ ಇರಲಿಲ್ಲ.

ಕನ್ನಡಿ ಹಿಡಿದು ತೋರಿಸಿದರು.
ಹಲ್ಲಿನ ಅಂಚಿಗೆ ಒಂದು ಕಚ್ಚು,
ಸರಿಯಾಗಿ ದಾರದಗಲ.
ಇಪ್ಪತ್ತಾರು ವರ್ಷದ ಕುಪ್ಪಸ ಎಲ್ಲಾ
ಆ ಬಾಗಲದಾಗ ಹಾದು ಹೋಗ್ಯಾವ,
ಲಗ್ನದ್ದು, ಕುಬಸದ್ದು, ಸಾಲಿ ಬಾಯಿಗೋಳ ಬಿಳೀವು,
ಹೊಲಿಯಾಕ ಕೊಟ್ಟಾಕಿ ಒಯ್ಯಾಕ ಬರದ
ಇನ್ನೂ ಮೊಳಿಗೆ ನೇತಾಡೋ ಹಸಿರದು.
ಬೋರ್ಡಿನ ಮ್ಯಾಲೆ ಗಂಡನ ಹೆಸರೈತಿ.
ನಾ ಹೊಲದೀನಿ ಅನ್ನಾಕ ಬರದಿಟ್ಟದ್ದು
ಇದೊಂದ.

ಬಳಿದರ ಮೂರು ತಿಂಗಳು, ತುಂಬಿದರ ಎಂಟುನೂರು ರೂಪಾಯಿ,
ಆದ್ರೂ ನಿಲ್ಲದಿದ್ದರ ನರ ತಗದು ಟೊಪ್ಪಿಗಿ ಹಾಕಬೇಕು.
ಅದಕ್ಕೂ ಮೊದಲ, ಅಂದರು,
ಇಪ್ಪತ್ತು ರೂಪಾಯಿದೊಂದು ಸಣ್ಣ ಕತ್ತರಿ
ಕೊಳ್ಳಾಗ ಹಾಕ್ಕೋರಿ.

ತುಂಬಿಸಿಕೊಂಡೆ. ಕತ್ತರೀನೂ ತಗೊಂಡೆ,
ಕರೀಮಣಿ ಜೋಡಿ ಟಿಣ್ ಟಿಣ್ ಅಂತೈತಿ.
ನಾಲಿಗಿ ಈಗೂ ಹೋಗಿ ಆ ಕಚ್ಚು ಹುಡುಕತೈತಿ,
ಬಾಗಲ ಕಿತ್ತು ಗ್ವಾಡಿ ಕಟ್ಟಿದ ಮನಿ ಮುಂದ
ನಿಂತ ಬೀಗರಂಗ.
ಕೊಡದ ನೀರು ಕುಡದೆ. ಕಾಯ್ದೆ.
ಹಲ್ಲು ಏನೂ ಅನ್ನಲಿಲ್ಲ.

ನಿನ್ನೆ ರಾತ್ರಿ ಕರೆಂಟ್ ಹೋಗಿತ್ತು.
ಹೊತ್ತು ಹೊಂಟರ ಅಕ್ಕಿಕಾಳು, ಇದು ಮದುಮಗಳ ಕುಪ್ಪಸ,
ಕಡೀ ಹುಕ್ಕು, ಎರಡೂ ಕೈ ತುಂಬ ಬಟ್ಟಿ,
ಕತ್ತರಿ ತಿರುಗಿ ಬೆನ್ನಿಗೆ ಹೋಗಿತ್ತು.
ಬಾಜೂ ಹಲ್ಲಿಲೆ ಕಡಿದೆ.
ಟಕ್.
ಎಷ್ಟು ದಿನಾ ಆಗಿತ್ತು
ಆ ಸಪ್ಪಳ ಕೇಳಿ.